ಕಾರಿನ ಗುಂಡಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರಬೇಕು

ಪ್ರಶ್ನೆ: ಹೊಸ ಕಾರು ತೆಗೆದುಕೊಳ್ಳಲು ಎರಡು ಮಾದರಿ ನೋಡಿದ್ದೇವೆ. ಒಂದರಲ್ಲಿ ದೊಡ್ಡ ಟಚ್‌ಸ್ಕ್ರೀನ್ ಇದೆ, ಎಸಿಯಿಂದ ಹಿಡಿದು ಎಲ್ಲವೂ ಅದರೊಳಗೇ. ಇನ್ನೊಂದರಲ್ಲಿ ಸ್ಕ್ರೀನ್ ಚಿಕ್ಕದು, ಕೆಳಗೆ ಸಾಲಾಗಿ ಗುಂಡಿಗಳಿವೆ. ಮಗಳಿಗೆ ಮೊದಲನೆಯದೇ ಇಷ್ಟ. ಟೆಸ್ಟ್ ಡ್ರೈವ್ ಮಾಡುವಾಗ ಫ್ಯಾನ್ ಕಡಿಮೆ ಮಾಡಲು ಹೋಗಿ ನನ್ನ ಕಣ್ಣು ರಸ್ತೆಯಿಂದ ತಪ್ಪಿತು, ಸ್ವಲ್ಪದರಲ್ಲಿ ಮುಂದಿನ ಗಾಡಿಗೆ ತಾಗುತ್ತಿತ್ತು. "ಅಭ್ಯಾಸ ಆದ್ರೆ ಸರಿಹೋಗುತ್ತೆ ಅಪ್ಪಾ" ಅನ್ನುತ್ತಾಳೆ ಅವಳು. ನನಗೆ 58 ವರ್ಷ. ಇದು ನನ್ನ ವಯಸ್ಸಿನ ತೊಂದರೆಯಾ, ಕಾರಿನ ತೊಂದರೆಯಾ?

ಉತ್ತರ: ತೊಂದರೆ ಕಾರಿನದು. ವಯಸ್ಸಿನ ಪಾಲು ಒಂಚೂರು ಇದೆ, ಅದನ್ನು ಆಮೇಲೆ ಹೇಳುತ್ತೇನೆ. ನೀವು ಹೇಳಿದಂಥ ಕಾರಿನಲ್ಲಿ ರಸ್ತೆಯಿಂದ ಕಣ್ಣು ತೆಗೆಯದೆ ಫ್ಯಾನ್ ಕಡಿಮೆ ಮಾಡುವ ದಾರಿಯೇ ಇರುವುದಿಲ್ಲ. ಇಪ್ಪತ್ತೈದರ ಹುಡುಗ ಕೂತರೂ ಅಷ್ಟೇ.

ಕಾರಿನ ಒಳಗಿನ ಸ್ವಿಚ್, ನಾಬ್, ಸ್ಕ್ರೀನ್‌ಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ನೋಡುವುದೇ ನನ್ನ ಕೆಲಸ. ಪಕ್ಕದ ಸೀಟಿನಲ್ಲಿ ಕೂತು ಡ್ರೈವರ್‌ನ ಕೈ ಎಲ್ಲಿ ಹೋಯಿತು, ಕಣ್ಣು ಎಲ್ಲಿ ಹೋಯಿತು, ಎಷ್ಟು ಸೆಕೆಂಡ್ ಹೋಯಿತು ಅಂತ ಬರೆದುಕೊಳ್ಳುತ್ತೇನೆ. ಇಷ್ಟು ವರ್ಷ ಇದನ್ನೇ ಮಾಡಿ ನನಗೆ ಗಟ್ಟಿಯಾಗಿ ಮನವರಿಕೆಯಾದದ್ದು ಇಷ್ಟು: ಗುಂಡಿಯ ವಿಷಯದಲ್ಲಿ ಮುಟ್ಟುವುದು ಬೇರೆ, ಒತ್ತುವುದು ಬೇರೆ. ಟಚ್‌ಸ್ಕ್ರೀನ್‌ನಲ್ಲಿ ಮುಟ್ಟಿದರೆ ಒತ್ತಿದ ಹಾಗೆಯೇ. ಉಳಿದ ತಕರಾರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಬಿಡಿಸಿ ಹೇಳುತ್ತೇನೆ. ಹಳೇ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ನಡುವೆ ಮೂರು ದುಂಡು ನಾಬ್ ಇರುತ್ತಿದ್ದವು, ನೆನಪಿದೆಯಾ? ಫ್ಯಾನ್ ಕಡಿಮೆ ಮಾಡಬೇಕು ಅನ್ನಿಸಿದಾಗ ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಮೊದಲು ಬೆರಳಿಗೆ ಒಂದು ಅಂಚು ಸಿಗುತ್ತಿತ್ತು. ಅಲ್ಲಿಂದ ಎಡಕ್ಕೆ ಜಾರಿದರೆ ಮೊದಲನೇ ನಾಬ್. ಅದರ ಸುತ್ತ ಸಣ್ಣ ಸಣ್ಣ ಗೀರುಗಳು. ತಪ್ಪು ನಾಬ್ ಹಿಡಿದರೂ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಇನ್ನೂ ತಿರುಗಿಸಿಲ್ಲ. ಸರಿಯಾದದ್ದು ಸಿಕ್ಕ ಮೇಲೆ ಟಕ್, ಟಕ್ ಅಂತ ಎರಡು ಹೆಜ್ಜೆ ಹಿಂದಕ್ಕೆ. ಎರಡು ಹೆಜ್ಜೆ ಆಯಿತು ಅಂತ ಬೆರಳೇ ಲೆಕ್ಕ ಹೇಳುತ್ತಿತ್ತು. ಇಷ್ಟೂ ಹೊತ್ತು ಕಣ್ಣು ರಸ್ತೆಯ ಮೇಲೇ ಇರುತ್ತಿತ್ತು. ಕತ್ತಲಲ್ಲಿ ಗೋಡೆ ತಡವಿ ಲೈಟ್ ಸ್ವಿಚ್ ಹುಡುಕುತ್ತೀರಲ್ಲ, ಅದೇ ವಿದ್ಯೆ.

ಈಗ ಗಾಜಿನ ಮೇಲೆ ಇದೇ ಕೆಲಸ ಮಾಡಿ ನೋಡಿ. ಗಾಜು ಎಲ್ಲ ಕಡೆ ಒಂದೇ ನುಣುಪು. ತಡಕಾಡುವ ಹಾಗೇ ಇಲ್ಲ, ತಡಕಾಡಿದರೆ ಅಲ್ಲಿದ್ದದ್ದು ಚಾಲೂ ಆಗಿಬಿಡುತ್ತದೆ. ಹಾಗಾಗಿ ಮೊದಲು ಒಂದು ಸಲ ನೋಡಬೇಕು, ಚಿತ್ರ ಎಲ್ಲಿದೆ ಅಂತ. ಬೆರಳು ಹೋಗುವಾಗ ಇನ್ನೊಂದು ಸಲ ನೋಡಬೇಕು, ಗುರಿ ತಪ್ಪದಿರಲಿ ಅಂತ. ಮುಟ್ಟಿದ ಮೇಲೆ ಮೂರನೇ ಸಲ, ಆಯಿತಾ ಇಲ್ಲವಾ ಅಂತ. ನಾನು ಗಮನಿಸಿದ ಡ್ರೈವರ್‌ಗಳಲ್ಲಿ ಈ ಮೂರು ನೋಟ ಮತ್ತೆ ಮತ್ತೆ ಕಂಡಿದ್ದೇನೆ. ಅದರ ಮೇಲೆ ತೋಳಿಗೆ ಊರಲು ಜಾಗ ಇರುವುದಿಲ್ಲ, ಗಾಳಿಯಲ್ಲೇ ಚಾಚಿರಬೇಕು. ರಸ್ತೆಯಲ್ಲಿ ಹಳ್ಳ ಬಂತು ಅಂದರೆ ಸ್ಕ್ರೀನ್ ಒಂದು ಥರ ಕುಲುಕುತ್ತದೆ, ತೋಳು ಇನ್ನೊಂದು ಥರ. ಬೆರಳು ಪಕ್ಕದ ಚೌಕಕ್ಕೆ ಬೀಳುತ್ತದೆ, ಬೇರೆ ಪುಟ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚಿ ವಾಪಸ್ ಬರಲು ಮತ್ತೆ ಮೂರು ನೋಟ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಎರಡು ಸೆಕೆಂಡ್ ಕೆಳಗೆ ನೋಡಿದರೆ 33 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ.

ಇನ್ನು ಮಗಳು ಹೇಳಿದ ಅಭ್ಯಾಸದ ಮಾತು. ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ, ಅದರಲ್ಲಿ ಸ್ವಲ್ಪ ನಿಜ ಇದೆ. ಯಾವ ಮೆನುವಿನಲ್ಲಿ ಏನಿದೆ ಅಂತ ಕೆಲವು ವಾರದಲ್ಲಿ ಬಾಯಿಪಾಠ ಆಗುತ್ತದೆ, ಹುಡುಕುವ ಹೊತ್ತು ಕಡಿಮೆಯಾಗುತ್ತದೆ. ಆದರೆ ಎಷ್ಟೇ ಅಭ್ಯಾಸ ಮಾಡಿದರೂ ನುಣುಪು ಗಾಜಿಗೆ ಅಂಚು ಹುಟ್ಟುವುದಿಲ್ಲ. ಗುರಿ ಇಡುವ ನೋಟ, ಆಯಿತಾ ಅಂತ ನೋಡುವ ನೋಟ ಎರಡೂ ಉಳಿದೇ ಉಳಿಯುತ್ತವೆ. ಇನ್ನೊಂದು ಮಾತು, ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಚಿತ್ರಗಳ ಜಾಗವೇ ಬದಲಾಗಬಹುದು. ಆರು ತಿಂಗಳು ಕಲಿತದ್ದು ಒಂದು ರಾತ್ರಿಯಲ್ಲಿ ಹೋಗುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. 2022ರಲ್ಲಿ ಸ್ವೀಡನ್ನಿನ 'ವಿ ಬಿಲೇಗಾರೆ' ಅನ್ನುವ ಕಾರು ಪತ್ರಿಕೆ ಒಂದು ಪರೀಕ್ಷೆ ಮಾಡಿತು. ಹನ್ನೊಂದು ಹೊಸ ಕಾರುಗಳು, ಜೊತೆಗೆ 2005ರ ಒಂದು ಹಳೇ ವೋಲ್ವೋ ವಿ70. ಖಾಲಿ ರನ್‌ವೇ ಮೇಲೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾ ನಾಲ್ಕು ಸಾಮಾನ್ಯ ಕೆಲಸ ಮುಗಿಸಬೇಕು. ಸೀಟ್ ಬಿಸಿ ಮಾಡುವುದು, ರೇಡಿಯೋ ಹಾಕಿ ಸ್ಟೇಷನ್ ಬದಲಿಸುವುದು, ಅಂಥವು. ಹಳೇ ವೋಲ್ವೋದಲ್ಲಿ ನಾಲ್ಕೂ 10 ಸೆಕೆಂಡಿನಲ್ಲಿ ಮುಗಿದವು, ಅಷ್ಟರಲ್ಲಿ ಕಾರು 306 ಮೀಟರ್ ಹೋಗಿತ್ತು. ಎಲ್ಲರಿಗಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್‌ನಲ್ಲಿ 44.6 ಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಕಾರು 1,372 ಮೀಟರ್ ಹೋಗಿಬಿಟ್ಟಿತ್ತು. ಮಗಳಿಗೆ ಇದನ್ನು ಹೇಳಲೇಬೇಕು: ಪರೀಕ್ಷೆಗೆ ಮೊದಲು ಡ್ರೈವರ್‌ಗಳಿಗೆ ಆಯಾ ಕಾರಿನ ಸ್ಕ್ರೀನ್ ಕಲಿತುಕೊಳ್ಳಲು ಸಮಯ ಕೊಟ್ಟಿದ್ದರು. ಕಲಿತ ಮೇಲೂ ಇಷ್ಟು ವ್ಯತ್ಯಾಸ.

ಅದೇ ಪರೀಕ್ಷೆಯಲ್ಲಿ ಡಾಚಿಯಾ ಸಾಂಡೆರೊ 13.5 ಸೆಕೆಂಡ್, ವೋಲ್ವೋ ಸಿ40 13.7 ಸೆಕೆಂಡ್ ತೆಗೆದುಕೊಂಡವು. ಇವೆರಡರಲ್ಲೂ ಟಚ್‌ಸ್ಕ್ರೀನ್ ಇದೆ. ಅಂದರೆ ಸ್ಕ್ರೀನ್ ಇದ್ದ ಮಾತ್ರಕ್ಕೆ ಕಾರು ಕೆಟ್ಟದು ಅಂತಲ್ಲ. ಅದಕ್ಕೆ ಯಾವ ಕೆಲಸ ಒಪ್ಪಿಸಿದ್ದಾರೆ, ಎಷ್ಟು ಮೆನುಗಳ ಒಳಗೆ ಹೂತಿಟ್ಟಿದ್ದಾರೆ ಅನ್ನುವುದು ಮುಖ್ಯ.

ಬ್ರಿಟನ್ನಿನ ಸಾರಿಗೆ ಸಂಶೋಧನಾ ಸಂಸ್ಥೆ ಟಿಆರ್‌ಎಲ್ 2020ರಲ್ಲಿ ಇನ್ನೊಂದು ರೀತಿ ಅಳೆಯಿತು. ಆಪಲ್ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಅಂದರೆ ಫೋನಿನ ಆ್ಯಪ್‌ಗಳನ್ನು ಕಾರಿನ ಸ್ಕ್ರೀನ್‌ನಲ್ಲಿ ತೋರಿಸುವ ವ್ಯವಸ್ಥೆಗಳು. ಆಪಲ್ ಕಾರ್‌ಪ್ಲೇಯನ್ನು ಬೆರಳಿನಿಂದ ಬಳಸುವಾಗ ಡ್ರೈವರ್ ಪ್ರತಿಕ್ರಿಯೆ ಕೊಡುವ ಸಮಯ 57% ಜಾಸ್ತಿಯಾಯಿತು. ಆಂಡ್ರಾಯ್ಡ್ ಆಟೋದಲ್ಲಿ 53%. ಕಾನೂನು ಒಪ್ಪುವ ಮಿತಿಯಷ್ಟು ಕುಡಿದವರಲ್ಲಿ ಇದು 12% ಅಂತ ಹಿಂದಿನ ಅಳತೆ ಇತ್ತು. ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಿಜಕ್ಕೂ ದಿಗಿಲಾಯಿತು. ಕುಡಿದು ಓಡಿಸುವವರನ್ನು ಹಿಡಿಯುತ್ತೇವೆ, ಅದು ಸರಿಯೇ. ಅದಕ್ಕಿಂತ ಜಾಸ್ತಿ ಗಮನ ತಿನ್ನುವ ಗಾಜನ್ನು ಡ್ರೈವರ್ ಕೈಗೆ ನಾವೇ ಕೊಟ್ಟಿದ್ದೇವೆ.

ಹಾಗಾದರೆ ಕಂಪನಿಗಳು ಯಾಕೆ ಹೀಗೆ ಮಾಡಿದವು? ಇದು ಹೊಸ ಕಥೆಯೂ ಅಲ್ಲ. 1986ರಲ್ಲೇ ಬ್ಯೂಕ್ ರಿವಿಯೇರಾ ಅನ್ನುವ ಅಮೆರಿಕದ ಕಾರಿನಲ್ಲಿ ಟಚ್‌ಸ್ಕ್ರೀನ್ ಬಂದಿತ್ತು. ಹಳೇ ಟಿವಿಯಂಥ ದಪ್ಪ ಗಾಜಿನ ಪರದೆ, ಎಸಿ ಮತ್ತು ರೇಡಿಯೋ ಅದರಲ್ಲೇ. ಕಣ್ಣು ರಸ್ತೆ ಬಿಡುತ್ತದೆ ಅಂತ ಆಗಲೂ ಜನ ದೂರಿದರು, 1990ರ ಮಾದರಿಯ ಹೊತ್ತಿಗೆ ಗುಂಡಿಗಳು ವಾಪಸ್ ಬಂದವು. ಆಮೇಲೆ ಕೈಗೆ ಸ್ಮಾರ್ಟ್‌ಫೋನ್ ಬಂತು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಹೊತ್ತು ಬಂತು, ದೊಡ್ಡ ಗಾಜು ಅಂದರೆ ಹೊಸ ಕಾಲದ ಕಾರು ಅನ್ನುವ ಭಾವನೆ ಬೆಳೆಯಿತು. 2018ರ ಮೇ ತಿಂಗಳಿಂದ ಅಮೆರಿಕದಲ್ಲಿ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಕ್ಯಾಮೆರಾ ಅಂದ ಮೇಲೆ ಪರದೆ ಬೇಕೇ ಬೇಕು. ಹೇಗೂ ಪರದೆ ಇದೆ, ಎಲ್ಲವನ್ನೂ ಅದಕ್ಕೇ ಹಾಕೋಣ ಅಂದುಕೊಂಡರು.

ಖರ್ಚಿನ ಲೆಕ್ಕವೂ ಇದೆ. ಒಂದು ಗುಂಡಿ ಅಂದರೆ ಅದಕ್ಕೊಂದು ಅಚ್ಚು, ಒಳಗೊಂದು ಸ್ಪ್ರಿಂಗ್, ರಾತ್ರಿ ಕಾಣಲು ಪುಟ್ಟ ದೀಪ, ಒಂದು ಕನೆಕ್ಟರ್. ಸಾವಿರಾರು ಸಲ ಒತ್ತಿ ಪರೀಕ್ಷಿಸಬೇಕು. ಸ್ಟೀರಿಂಗ್ ಎಡಕ್ಕಿರುವ ದೇಶಕ್ಕೆ ಒಂದು ಜೋಡಣೆ, ಬಲಕ್ಕಿರುವ ದೇಶಕ್ಕೆ ಇನ್ನೊಂದು. ಅಚ್ಚು ಹಾಕಿಸುವ ಮೊದಲೇ ಎಲ್ಲ ತೀರ್ಮಾನ ಆಗಿರಬೇಕು. ಸ್ಕ್ರೀನ್ ಆದರೆ ಕಾರು ಫ್ಯಾಕ್ಟರಿ ಬಿಡುವ ಹಿಂದಿನ ವಾರವೂ ಚಿತ್ರ ಬದಲಿಸಬಹುದು. ಈ ಅನುಕೂಲ ಕಂಪನಿಯದು. ಓಡಿಸುವವರಿಗೆ ಅದರಿಂದ ಏನು ಸಿಕ್ಕಿತು ಅಂತ ಕೇಳಬೇಕು, ಅಲ್ವಾ?

ಸಿಕ್ಕಿದ್ದೂ ಇದೆ. ಮ್ಯಾಪ್, ಹಿಂಬದಿ ಕ್ಯಾಮೆರಾ, ಫೋನ್ ಜೋಡಿಸುವುದು, ವರ್ಷಕ್ಕೊಮ್ಮೆ ಮುಟ್ಟುವ ಸೆಟ್ಟಿಂಗ್‌ಗಳು, ಇವಕ್ಕೆಲ್ಲ ಸ್ಕ್ರೀನ್‌ಗಿಂತ ಒಳ್ಳೆಯದಿಲ್ಲ. ಊರಿನ ಹೆಸರು ಟೈಪ್ ಮಾಡಲು ನಾಬ್ ತಿರುಗಿಸುವ ಕಷ್ಟ ಯಾರಿಗೂ ಬೇಡ. ನಿಂತಾಗ ಮಾಡುವ ಕೆಲಸ ಸ್ಕ್ರೀನ್‌ನಲ್ಲಿರಲಿ. ಓಡುವಾಗ ಮಾಡುವ ಕೆಲಸಕ್ಕೆ ಗುಂಡಿಯೇ ಆಗಬೇಕು ಅನ್ನುವುದು ನನ್ನ ಹಟ.

ಈ ಹಟಕ್ಕೆ ಒಂದು ಹಡಗಿನ ಕಥೆಯೂ ಕಾರಣ. 2017ರ ಆಗಸ್ಟ್ 21ರ ಬೆಳಗಿನ ಜಾವ ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿಯಾಯಿತು. ಹತ್ತು ನಾವಿಕರು ಸತ್ತರು. ಆ ನೌಕೆಯ ಸ್ಟೀರಿಂಗ್ ಮತ್ತು ವೇಗದ ನಿಯಂತ್ರಣ ಟಚ್‌ಸ್ಕ್ರೀನ್‌ನಲ್ಲಿತ್ತು. ನಿಯಂತ್ರಣವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವಾಗ ಎಡ ಮತ್ತು ಬಲದ ಪ್ರೊಪೆಲ್ಲರ್‌ಗಳ ಥ್ರಾಟಲ್, ಅಂದರೆ ವೇಗ ಹೆಚ್ಚುಕಡಿಮೆ ಮಾಡುವ ನಿಯಂತ್ರಣಗಳು, ಒಂದರಿಂದೊಂದು ಬೇರ್ಪಟ್ಟಿದ್ದವು, ಅದು ಯಾರಿಗೂ ಗೊತ್ತಾಗಲಿಲ್ಲ. ವೇಗ ಕಡಿಮೆ ಮಾಡಲು ಹೋದಾಗ ಎಡದ್ದು ಮಾತ್ರ ಕಡಿಮೆಯಾಯಿತು, ನೌಕೆ ಎಡಕ್ಕೆ ತಿರುಗಿ ತೈಲ ಹಡಗಿನ ದಾರಿಗೆ ಹೋಯಿತು. ತರಬೇತಿ ಸಾಲದು, ಮೇಲಿನವರ ನಿಗಾ ಸಾಲದು ಅಂತ ತನಿಖೆ ಹೇಳಿತು. ಜೊತೆಗೆ ಆ ಟಚ್‌ಸ್ಕ್ರೀನ್ ವಿನ್ಯಾಸವೇ ಇಂಥ ತಪ್ಪಿಗೆ ದಾರಿ ಮಾಡಿತ್ತು ಅಂತಲೂ ಹೇಳಿತು. ಯೋಚಿಸಿ ನೋಡಿ, ಅಂಗೈಯಲ್ಲಿ ಎರಡು ಲಿವರ್ ಹಿಡಿದಿದ್ದರೆ ಒಂದೇ ಹಿಂದೆ ಬಂದದ್ದು ಕೈಗೆ ತಕ್ಷಣ ಗೊತ್ತಾಗುತ್ತಿತ್ತು. 2019ರಲ್ಲಿ ಅಮೆರಿಕದ ನೌಕಾಪಡೆ ಇಂಥ ಹಡಗುಗಳಿಗೆ ಮತ್ತೆ ಕೈಯಲ್ಲಿ ಹಿಡಿಯುವ ಥ್ರಾಟಲ್ ಹಾಕಲು ತೀರ್ಮಾನಿಸಿತು.

ವಿಮಾನದವರು ಈ ಪಾಠವನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಕಲಿತಿದ್ದರು. ಬಿ-17 ಬಾಂಬರ್‌ನಲ್ಲಿ ಚಕ್ರದ ಸ್ವಿಚ್ಚೂ ರೆಕ್ಕೆಯ ಫ್ಲ್ಯಾಪ್ ಸ್ವಿಚ್ಚೂ ಅಕ್ಕಪಕ್ಕ, ಒಂದೇ ಥರ ಇದ್ದವು. ನೆಲಕ್ಕಿಳಿದ ಮೇಲೆ ಪೈಲಟ್‌ಗಳು ಫ್ಲ್ಯಾಪ್ ಅಂದುಕೊಂಡು ಚಕ್ರವನ್ನೇ ಮಡಚಿಬಿಡುತ್ತಿದ್ದರು. ಅಲ್ಫಾನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞ ಚಕ್ರದ ಸ್ವಿಚ್ಚಿಗೆ ಪುಟ್ಟ ಚಕ್ರ, ಫ್ಲ್ಯಾಪ್ ಸ್ವಿಚ್ಚಿಗೆ ಬೆಣೆಯಾಕಾರದ ತುದಿ ಅಂಟಿಸಿದರು. ತಪ್ಪು ನಿಂತಿತು. ಇವತ್ತಿಗೂ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಆ ಹಿಡಿಕೆಗಳ ಆಕಾರ ಹೀಗೇ ಇರಬೇಕು ಅಂತ ಅಮೆರಿಕದ ನಿಯಮದಲ್ಲಿದೆ.

ಕಾರಿನ ಲೋಕವೂ ಈಗ ನಿಧಾನವಾಗಿ ಹಿಂದಿರುಗುತ್ತಿದೆ. 2019ರಲ್ಲಿ ಜರ್ಮನಿಯಲ್ಲಿ ಜೋರು ಮಳೆಯಲ್ಲಿ ಒಬ್ಬರು ಟೆಸ್ಲಾ ಓಡಿಸುತ್ತಾ ವೈಪರ್ ವೇಗವನ್ನು ಸ್ಕ್ರೀನ್‌ನಲ್ಲಿ ಬದಲಿಸಲು ಹೋಗಿ ರಸ್ತೆ ಬಿಟ್ಟು ಮರಗಳಿಗೆ ಗುದ್ದಿದರು. ಕಾರಿನ ಸ್ಕ್ರೀನ್ ಕೂಡ ಮೊಬೈಲ್‌ನಂಥದ್ದೇ ಎಲೆಕ್ಟ್ರಾನಿಕ್ ಸಾಧನ ಅಂತ ಕಾರ್ಲ್ಸ್‌ರೂಹೆಯ ಮೇಲಿನ ಕೋರ್ಟ್ 2020ರಲ್ಲಿ ಹೇಳಿತು. 200 ಯೂರೋ ದಂಡ, ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಯುರೋಪಿನ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ 2026ರಿಂದ ಹೊಸ ಪಟ್ಟು ಹಿಡಿದಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಗುಂಡಿಯೋ ಲಿವರ್ರೋ ಇರದಿದ್ದರೆ ಪೂರ್ತಿ ಐದು ಸ್ಟಾರ್ ಸಿಗುವುದು ಕಷ್ಟ. ಇದು ಕಾನೂನಲ್ಲ, ಆದರೆ ಸ್ಟಾರ್ ಕಳೆದುಕೊಳ್ಳಲು ಯಾವ ಕಂಪನಿಯೂ ಇಷ್ಟಪಡುವುದಿಲ್ಲ. ಫೋಕ್ಸ್‌ವ್ಯಾಗನ್ ಎಂಟನೇ ತಲೆಮಾರಿನ ಗಾಲ್ಫ್ ಕಾರಿನಲ್ಲಿ ಟೆಂಪರೇಚರ್ ಮತ್ತು ವಾಲ್ಯೂಮ್‌ಗೆ ಬೆರಳು ಸವರುವ ಪಟ್ಟಿ ಇಟ್ಟಿತ್ತು, ರಾತ್ರಿ ಕಾಣಲು ಅದಕ್ಕೆ ದೀಪವೇ ಇರಲಿಲ್ಲ. ಕೊಂಡವರು ಬೇಸರಪಟ್ಟರು. ಮುಖ್ಯವಾದ ಕೆಲಸಗಳಿಗೆ ನಿಜವಾದ ಗುಂಡಿ ಮತ್ತೆ ಬರುತ್ತದೆ ಅಂತ ಆ ಕಂಪನಿಯ ವಿನ್ಯಾಸದ ಮುಖ್ಯಸ್ಥರೇ 2025ರಲ್ಲಿ ಹೇಳಿದರು.

ವಾಯ್ಸ್ ಕಮಾಂಡ್ ಇದೆಯಲ್ಲ, ಬಾಯಲ್ಲಿ ಹೇಳಿದರಾಯಿತು ಅಂತ ಮಗಳು ಹೇಳಬಹುದು. ಮೇಲೆ ಹೇಳಿದ ಬ್ರಿಟನ್ನಿನ ಪರೀಕ್ಷೆಯಲ್ಲೇ ಮಾತಿನಿಂದ ಬಳಸಿದಾಗಲೂ ಪ್ರತಿಕ್ರಿಯೆ 30ರಿಂದ 36% ತಡವಾಗಿತ್ತು. ಕಣ್ಣು ರಸ್ತೆಯ ಮೇಲಿದ್ದರೂ ತಲೆ ಬೇರೆ ಕಡೆ ಇರುತ್ತದೆ. ಬೆರಳಿಗಿಂತ ವಾಸಿ, ನಾಬ್‌ಗೆ ಸಾಟಿಯಲ್ಲ.

ನನ್ನದೇ ಒಂದು ರಾತ್ರಿಯ ಮಾತು ಹೇಳುತ್ತೇನೆ. ಬಾಡಿಗೆ ಕಾರು, ಹೊರಗೆ ಮಳೆ, ಒಳಗೆ ನಾಲ್ಕು ಜನ. ಉಸಿರಿಗೆ ಮುಂದಿನ ಗಾಜು ಕೆಳಗಿನಿಂದ ಮೇಲಕ್ಕೆ ಮಂಜಾಗುತ್ತಾ ಬಂತು. ಮಂಜು ತೆಗೆಯುವ ಚಿತ್ರ ಸ್ಕ್ರೀನ್‌ನಲ್ಲಿ ಮ್ಯಾಪ್‌ನ ಹಿಂದೆ, ಎಸಿಯ ಪುಟದಲ್ಲಿತ್ತು. ಬೆರಳು ಒದ್ದೆಯಾಗಿತ್ತು, ಎರಡು ಸಲ ಮುಟ್ಟಿದರೂ ಸ್ಕ್ರೀನ್ ಕೇಳಲಿಲ್ಲ. ಈ ಸ್ಕ್ರೀನ್‌ಗಳು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತವೆ, ನೀರು ಅದನ್ನು ಗೊಂದಲ ಮಾಡುತ್ತದೆ. ಸಾದಾ ಗ್ಲೋವ್ಸ್ ಹಾಕಿದರೂ ಅದೇ ಪಾಡು. ಗಾಜಿನಲ್ಲಿ ಅಂಗೈ ಅಗಲದಷ್ಟು ಜಾಗ ಮಾತ್ರ ಕಾಣುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ, ಬೆರಳು ಒರೆಸಿಕೊಂಡು, ಆಮೇಲೆ ಒತ್ತಿದೆ. ಆ ಕೆಲವು ಸೆಕೆಂಡುಗಳ ಭಯ ನನಗಿನ್ನೂ ಮರೆತಿಲ್ಲ.

ಈಗ ನಿಮ್ಮ ವಯಸ್ಸಿನ ಮಾತು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತಾ ಹೋಗುತ್ತದೆ. ದೂರದ ರಸ್ತೆಯಿಂದ ಹತ್ತಿರದ ಅಕ್ಷರಕ್ಕೆ ನೋಟ ಹೊಂದಿಸುವುದು ಕಷ್ಟವಾಗುತ್ತದೆ, ವಾಪಸ್ ರಸ್ತೆಗೆ ಬರುವುದೂ ತಡವಾಗುತ್ತದೆ. ಹಾಗಾಗಿ ಅದೇ ಸ್ಕ್ರೀನ್ ಮಗಳಿಗಿಂತ ನಿಮ್ಮ ಸಮಯವನ್ನು ಜಾಸ್ತಿ ತಿನ್ನುತ್ತದೆ. ಆದರೆ ಇದಕ್ಕೆ ನೀವು ನಾಚಬೇಕಿಲ್ಲ. ಎಲ್ಲ ವಯಸ್ಸಿನವರೂ ಓಡಿಸುವ ವಸ್ತುವನ್ನು ಎಲ್ಲರ ಕಣ್ಣಿಗೂ ಹೊಂದುವ ಹಾಗೆ ಮಾಡಬೇಕಾದ್ದು ಮಾಡಿದವರ ಹೊಣೆ.

ತೀರ್ಮಾನ ಮಾಡುವ ಮೊದಲು ಶೋರೂಮಿನಲ್ಲಿ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಕಾರು ನಿಂತೇ ಇರಲಿ. ಸೀಟ್ ಸರಿಮಾಡಿಕೊಂಡು, ಹತ್ತು ನಿಮಿಷ ಎಲ್ಲವನ್ನೂ ಮುಟ್ಟಿ ಒತ್ತಿ ಕಲಿತುಕೊಳ್ಳಿ. ಆಮೇಲೆ ಮಗಳು ಒಂದೊಂದಾಗಿ ಹೇಳಲಿ: ವೈಪರ್ ಜೋರು ಮಾಡಿ, ಮುಂದಿನ ಗಾಜಿನ ಮಂಜು ತೆಗೆಯಿರಿ, ಫ್ಯಾನ್ ಇಳಿಸಿ, ಹಾಡಿನ ಸದ್ದು ಕಡಿಮೆ ಮಾಡಿ, ಹಜಾರ್ಡ್ ಲೈಟ್ ಹಾಕಿ. ನೀವು ಎದುರಿನ ಗೋಡೆ ನೋಡುತ್ತಲೇ ಮಾಡಬೇಕು. ಅವಳು ಸ್ಕ್ರೀನ್ ನೋಡುವುದು ಬೇಡ, ನಿಮ್ಮ ಕಣ್ಣನ್ನೇ ನೋಡಲಿ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕೊಟ್ಟ ಮಾರ್ಗಸೂಚಿ ಹೀಗಿದೆ: ಒಂದು ನೋಟ ಎರಡು ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಎಲ್ಲ ನೋಟ ಸೇರಿ 12 ಸೆಕೆಂಡ್ ಮೀರಬಾರದು. ನನ್ನ ಮಟ್ಟಿಗೆ ಮೇಲಿನ ಐದು ಕೆಲಸಕ್ಕೆ ಆ 12 ಕೂಡ ತುಂಬಾ ಉದಾರ.

ಗುಂಡಿಯ ಹಾಗೆ ಕಂಡರೂ ಗುಂಡಿಯಲ್ಲದ್ದು ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಮೇಲೆ ಚಿತ್ರ ಬಿಡಿಸಿರುತ್ತಾರೆ, ಒತ್ತಿದರೆ ಅಲುಗುವುದಿಲ್ಲ. ಅದೂ ಟಚ್ಚೇ. ಬೆರಳ ಕೆಳಗೆ ತಗ್ಗಬೇಕು, ಟಕ್ ಅನ್ನಬೇಕು. ಕೂಲಿಂಗ್ ಗ್ಲಾಸ್ ಹಾಕುವ ರೂಢಿ ಇದ್ದರೆ ಅದನ್ನು ಹಾಕಿಕೊಂಡೂ ಸ್ಕ್ರೀನ್ ನೋಡಿ, ಪೋಲರೈಸ್ಡ್ ಆಗಿದ್ದರೆ ಕೆಲವು ಸ್ಕ್ರೀನ್‌ಗಳು ಕಪ್ಪಾಗಿ ಕಾಣುತ್ತವೆ. ಸ್ಕ್ರೀನ್ ಪೂರ್ತಿ ಆಫ್ ಆದರೆ ಏನೇನು ಕೆಲಸ ಮಾಡುತ್ತದೆ ಅಂತಲೂ ಕೇಳಿ. 2021ರಲ್ಲಿ ಟೆಸ್ಲಾ ಸುಮಾರು 1,35,000 ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಒಳಗಿನ ಒಂದು ಮೆಮೊರಿ ಚಿಪ್ ಸವೆದು ಸ್ಕ್ರೀನ್ ಸತ್ತಾಗ ಹಿಂಬದಿ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ನಿಯಂತ್ರಣ ಎಲ್ಲ ಒಟ್ಟಿಗೆ ಹೋಗುತ್ತಿದ್ದವು.

ನನ್ನನ್ನು ಕೇಳಿದರೆ ಗುಂಡಿಗಳಿರುವ ಎರಡನೇ ಕಾರು ತೆಗೆದುಕೊಳ್ಳಿ ಅನ್ನುತ್ತೇನೆ. ಒಂದು ವೇಳೆ ಮಗಳ ಮಾತೇ ಗೆದ್ದು ಮೊದಲನೆಯದು ಮನೆಗೆ ಬಂದರೆ, ಎಸಿಯನ್ನು ಆಟೋಗೆ ಹಾಕಿಬಿಡಿ, ಟೆಂಪರೇಚರ್ ಹೊರಡುವ ಮೊದಲೇ ಹೊಂದಿಸಿ. ಸ್ಟೀರಿಂಗ್ ಮೇಲಿನ ಗುಂಡಿಗಳಿಗೆ ಬೇಕಾದ ಕೆಲಸ ಕೊಡಲು ಬಂದರೆ ಮಂಜು ತೆಗೆಯುವುದನ್ನು ಮೊದಲು ಅಲ್ಲಿಗೆ ಹಾಕಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಸ್ಕ್ರೀನ್ ಅವರದ್ದು.

ಅದಕ್ಕೂ ಮೊದಲು, ಶೋರೂಮಿನಲ್ಲೇ ಸೀಟ್ ಬದಲಾಯಿಸಿ. ಮಗಳು ಸ್ಟೀರಿಂಗ್ ಮುಂದೆ ಕೂರಲಿ, ನೀವು ಪಕ್ಕದಲ್ಲಿ ಕೂತು ಅವಳ ಕಣ್ಣು ನೋಡಿ. "ಗೋಡೆ ನೋಡ್ತಾ ಫ್ಯಾನ್ ಕಡಿಮೆ ಮಾಡಮ್ಮಾ" ಅನ್ನಿ.